ಕಾರು ನಿಂತರೆ ಕದಲಬೇಡಿ!

ಆಸ್ಟ್ರೇಲಿಯಾದ ಅನೇಕ ಕುಟುಂಬಗಳು ರಜೆಯಲ್ಲಿ ಫೋರ್‌ವೀಲ್ ಡ್ರೈವ್ ವಾಹನಕ್ಕೆ ಕ್ಯಾರವಾನ್ ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ‘ಔಟ್‌ಬ್ಯಾಕ್’ ಎಂಬ ನಿರ್ಜನ ಒಳನಾಡಿಗೆ ಹೊರಡುತ್ತವೆ. ಮರೀಯಿಂದ ಬರ್ಡ್ಸ್‌ವಿಲ್‌ಗೆ ಹೋಗುವ ಸುಮಾರು 520 ಕಿ.ಮೀ. ಕಚ್ಚಾ ರಸ್ತೆ ಇಂಥ ಪ್ರವಾಸಗಳಿಗೆ ಹೆಸರುವಾಸಿ. ನಡುವೆ ಜನವಸತಿ ತೀರಾ ವಿರಳ.

1963ರ ಡಿಸೆಂಬರ್. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ದೇಶದಲ್ಲಿ ಅದು ಬೇಸಿಗೆ. ಇದೇ ಹಾದಿಯಲ್ಲಿ ಕುಟುಂಬವೊಂದರ ಕಾರಿನ ಪೆಟ್ರೋಲ್ ಮುಗಿಯಿತು. ಕಾರು ಬಿಟ್ಟು ನಡೆದ ಐವರೂ ಬಾಯಾರಿ ಸತ್ತರು.

ನಿಂತಲ್ಲೇ ಏಕೆ ಇರಬೇಕು? ವಾಹನ ನೆರಳು ಕೊಡುತ್ತದೆ. ವಿಮಾನದಿಂದ ಹುಡುಕುವವರಿಗೆ ಮನುಷ್ಯನಿಗಿಂತ ಬೇಗ ಕಾಣುತ್ತದೆ. ನಡೆದಷ್ಟೂ ಬೆವರು, ದೇಹದ ನೀರು ಬೇಗ ಬತ್ತುತ್ತದೆ.

ಆದ್ದರಿಂದಲೇ ಅಲ್ಲಿನ ಪೊಲೀಸರ ಬುದ್ಧಿಮಾತು: ಹೆಚ್ಚು ನೀರು ಒಯ್ಯಿರಿ, ಹೋಗುವ ದಾರಿ, ತಲುಪುವ ದಿನ ಯಾರಿಗಾದರೂ ತಿಳಿಸಿ, ವಾಹನ ಕೆಟ್ಟರೆ ಅದರ ಬಳಿಯೇ ಇರಿ.