ಬ್ಯಾಕಪ್ ಇದೆ, ಲೆಕ್ಕ ಮರಳಿ ಬರುವುದೇ?

ಕಿರ್ದಿ, ಖಾತೆ ಪುಸ್ತಕಗಳ ಕಾಲದಲ್ಲಿ ವರ್ತಕರಿಗೆ ಬೆಂಕಿ, ನೀರು, ಗೆದ್ದಲುಗಳ ಭಯವಿತ್ತು. ಆ ಭಯಕ್ಕೆ ಕಬ್ಬಿಣದ ಬೀರು ಪರಿಹಾರವಾಗಿತ್ತು. ಲೆಕ್ಕಪತ್ರಗಳು ಗಣಕಯಂತ್ರಕ್ಕೆ ವರ್ಗಾವಣೆಗೊಂಡ ನಂತರ ಬೀರುವಿನ ಸ್ಥಾನಕ್ಕೆ ಬ್ಯಾಕಪ್ ಬಂದಿದೆ. ಸಂಜೆ ಬಾಗಿಲು ಹಾಕುವ ಮುನ್ನ ಗುಮಾಸ್ತರು ಪೆನ್‌ಡ್ರೈವ್ ಸಿಕ್ಕಿಸುತ್ತಾರೆ, ಬ್ಯಾಕಪ್ ಯಶಸ್ವಿಯಾಯಿತೆಂಬ ಸಂದೇಶ ಪರದೆಯ ಮೇಲೆ ಮೂಡುತ್ತದೆ, ಮಾಲೀಕರು ನಿಶ್ಚಿಂತೆಯಿಂದ ಮನೆಗೆ ತೆರಳುತ್ತಾರೆ. ಬೀರುವಿನ ಬಾಗಿಲು ತೆರೆದರೆ ಪುಸ್ತಕ ಒಳಗಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಪೆನ್‌ಡ್ರೈವಿನ ವಿಷಯದಲ್ಲಿ ಆ ಅನುಕೂಲವಿಲ್ಲ.

ಆ ಸಂದೇಶದ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ. ಸೂಚಿಸಿದ ಸ್ಥಳದಿಂದ ಕಡತಗಳನ್ನು ತೆಗೆದುಕೊಂಡು ಸೂಚಿಸಿದ ಸ್ಥಳದಲ್ಲಿ ಬರೆಯಲಾಗಿದೆ ಎಂಬುದಷ್ಟೇ ಅದರ ಅರ್ಥ. ಆ ಕಡತವನ್ನು ನಾಳೆ ಓದಲು ಸಾಧ್ಯವೇ, ಅದರಲ್ಲಿರುವುದು ಇಂದಿನ ಲೆಕ್ಕವೇ ಅಥವಾ ಎರಡು ವರ್ಷಗಳ ಹಿಂದಿನದೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ದಾಸ್ತಾನು ವಹಿಯಲ್ಲಿ ನೂರು ಮೂಟೆ ಎಂದು ಬರೆದಿದ್ದರೆ ಸಾಕು ಎಂದು ಯಾವ ವರ್ತಕರೂ ಗೋದಾಮಿನ ಎಣಿಕೆಯನ್ನು ಬಿಡುವುದಿಲ್ಲ. ಬ್ಯಾಂಕ್ ಶಿಲ್ಕನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡದೆ ಒಪ್ಪುವುದಿಲ್ಲ. ಬ್ಯಾಕಪ್ ವಿಷಯದಲ್ಲಿ ಮಾತ್ರ ವಹಿಯ ಬರಹವೇ ಸರಕು ಎಂದು ನಂಬಿಕೊಂಡು ಬರಲಾಗಿದೆ.

ಕಾನೂನಿನ ದೃಷ್ಟಿಯಿಂದಲೂ ಈ ನಂಬಿಕೆ ಸಾಲದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 57ನೇ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಬ್ಯಾಕಪ್ ಇರಬೇಕೆಂದು ಹೇಳಿ ಅಲ್ಲಿಗೆ ನಿಲ್ಲುವುದಿಲ್ಲ. ಅಪಘಾತದಿಂದಾಗಲಿ ನೈಸರ್ಗಿಕ ಕಾರಣಗಳಿಂದಾಗಲಿ ದಾಖಲೆಗಳು ನಾಶವಾದಲ್ಲಿ, ಸಮಂಜಸವಾದ ಕಾಲಾವಧಿಯೊಳಗೆ ಮಾಹಿತಿಯನ್ನು ಮರಳಿ ಪಡೆಯುವಂತೆ ಆ ಬ್ಯಾಕಪ್ ಇರಬೇಕೆಂದು ವಿಧಿಸುತ್ತದೆ. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರವನ್ನೂ ಅವುಗಳ ಪಾಸ್‌ವರ್ಡನ್ನೂ ಒದಗಿಸಬೇಕೆಂಬುದು ಅದೇ ನಿಯಮದಲ್ಲಿದೆ. ಕಾಯಿದೆಯ 36ನೇ ಕಲಮಿನಂತೆ, ಆ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಗಳನ್ನು ಉಳಿಸಿಕೊಳ್ಳಬೇಕು. ಮೇಲ್ಮನವಿ ಬಾಕಿ ಇದ್ದರೆ ಅವಧಿ ಇನ್ನೂ ಮುಂದೆ ಹೋಗಬಹುದು. ಖಾಸಗಿ ನಿಯಮಿತ ಕಂಪನಿಗಳಾಗಿ ನೋಂದಾಯಿಸಿಕೊಂಡಿರುವ ಸಣ್ಣ ಉದ್ದಿಮೆಗಳಿಗೆ ಕಂಪನಿ ಕಾಯಿದೆಯಂತೆ ಈ ಅವಧಿ 8 ಹಣಕಾಸು ವರ್ಷಗಳು. ಇವರು ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಟ್ಟಿದ್ದರೆ ಅದರ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಇರಬೇಕು. ಮೊದಲು ನಿಯತಕಾಲಿಕವಾಗಿ ಎಂದಿದ್ದ ಈ ನಿಯಮವನ್ನು 2022ರ ಆಗಸ್ಟ್‌ನಲ್ಲಿ ಪ್ರತಿದಿನ ಎಂದು ಬದಲಿಸಲಾಯಿತು. ಆದರೆ ಆ ಪ್ರತಿದಿನದ ಬ್ಯಾಕಪ್ಪನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕೆಂದು ಅಲ್ಲಿ ಹೇಳಿಲ್ಲ. ಇದು ಆ ನಿಯಮದ ದೊಡ್ಡ ಕೊರತೆ ಎಂದೇ ಹೇಳಬೇಕಾಗುತ್ತದೆ.

ಮರುಸ್ಥಾಪನೆಯ ಯತ್ನ ವಿಫಲವಾಗಲು ಕಾರಣಗಳು ಬಹುತೇಕ ಸಾಮಾನ್ಯವಾದವು. ಎಲ್ಲಕ್ಕಿಂತ ಮೊದಲನೆಯದು ದಾರಿ ತಪ್ಪಿದ ಬ್ಯಾಕಪ್. ಹಳೆಯ ಗಣಕ ಕೆಟ್ಟು ಹೊಸದು ಬಂದಾಗ, ಅಥವಾ ಟ್ಯಾಲಿಯಂತಹ ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಿದಾಗ, ಲೆಕ್ಕದ ದತ್ತಾಂಶ ಬೇರೆ ಫೋಲ್ಡರಿಗೆ ಹೋಗಿರುತ್ತದೆ. ಬ್ಯಾಕಪ್ ತಂತ್ರಾಂಶಕ್ಕೆ ಈ ಬದಲಾವಣೆ ಗೊತ್ತಿರುವುದಿಲ್ಲ. ಅದು ಹಳೆಯ ಫೋಲ್ಡರನ್ನೇ ಪ್ರತಿ ಸಂಜೆ ನಿಷ್ಠೆಯಿಂದ ನಕಲು ಮಾಡುತ್ತ, ಪ್ರತಿ ಸಂಜೆ ಯಶಸ್ಸನ್ನು ಘೋಷಿಸುತ್ತ ಹೋಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡ ಕಾರಣ ಗಣಕ ಬದಲಿಸಿದವರು ಈ ಒಂದು ಅಂಶವನ್ನು ಇಂದೇ ಪರಿಶೀಲಿಸುವುದು ಒಳಿತು.

ಎರಡನೆಯದು ಸರಪಳಿಯ ಸಮಸ್ಯೆ. ಜಾಗ ಉಳಿಸುವ ಸಲುವಾಗಿ ಅನೇಕ ಬ್ಯಾಕಪ್ ತಂತ್ರಾಂಶಗಳು ಒಮ್ಮೆ ಪೂರ್ಣ ಪ್ರತಿಯನ್ನು ತೆಗೆದು, ನಂತರದ ದಿನಗಳಲ್ಲಿ ಬದಲಾದ ಭಾಗವನ್ನಷ್ಟೇ ಸೇರಿಸುತ್ತ ಹೋಗುತ್ತವೆ. ಹೀಗೆ ತೆಗೆದ ಬ್ಯಾಕಪ್ ಮರಳಿ ಬರಬೇಕಾದರೆ ಪೂರ್ಣ ಪ್ರತಿಯೂ ಅನಂತರದ ತುಣುಕುಗಳೂ ಅನುಕ್ರಮವಾಗಿ ಇರಬೇಕು. ಜಾಗ ಸಾಲದೆಂದು ಯಾರೋ ಮಧ್ಯದ ಒಂದು ಕಡತವನ್ನು ಅಳಿಸಿದರೆ ಅದರ ಮುಂದಿನವೆಲ್ಲ ಕೆಲಸಕ್ಕೆ ಬಾರದೆ ಹೋಗಬಹುದು. ಸಾಮಾನ್ಯ ಪೆನ್‌ಡ್ರೈವ್‌ಗಳದು ಇನ್ನೊಂದು ತೊಡಕು. ಅವು ಬಹುವಾಗಿ ಫ್ಯಾಟ್32 ಎಂಬ ವಿನ್ಯಾಸದಲ್ಲಿ ಬರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಬರೆಯಲು ಸಾಧ್ಯವಿಲ್ಲ. ವ್ಯವಹಾರ ಬೆಳೆದಂತೆ ಕಡತ ಬೆಳೆದು ಒಂದು ದಿನ ಈ ಮಿತಿಯನ್ನು ದಾಟುತ್ತದೆ. ಅಂದಿನಿಂದ ನಕಲು ನಿಂತಿದ್ದರೂ ಡ್ರೈವಿನಲ್ಲಿ ಹಳೆಯ ಕಡತ ಕಾಣುತ್ತಲೇ ಇರುತ್ತದೆ.

ಆವೃತ್ತಿಯ ಹೊಂದಾಣಿಕೆಯೂ ಕಾಡುತ್ತದೆ. ಹೊಸ ಆವೃತ್ತಿಯ ಟ್ಯಾಲಿಯಲ್ಲಿ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ‘ಬಿಕೆಎಫ್’ ರೂಪದಲ್ಲಿ ತೆಗೆದಿಟ್ಟ ಸಿ.ಡಿ.ಗಳನ್ನು ಜೋಪಾನ ಮಾಡಿರುವ ಸಂಸ್ಥೆಗಳಿವೆ. ವಿಸ್ತಾದಿಂದ ಮುಂದಿನ ವಿಂಡೋಸ್‌ಗಳಲ್ಲಿ ಆ ಬ್ಯಾಕಪ್ ತಂತ್ರಾಂಶವನ್ನೇ ಕೈಬಿಡಲಾಯಿತು. ಓದುವ ಸಾಧನವನ್ನು ಪ್ರತ್ಯೇಕವಾಗಿ ಹುಡುಕಬೇಕಾಯಿತು. ಪಾಲುದಾರಿಕೆಯ ವ್ಯಾಜ್ಯದಲ್ಲೋ ಹಳೆಯ ತೆರಿಗೆ ಮೇಲ್ಮನವಿಯಲ್ಲೋ ಅಂತಹ ದಾಖಲೆ ಬೇಕಾದಾಗ, ಬೀಗ ಇದ್ದು ಕೀಲಿಕೈ ಇಲ್ಲದ ಪರಿಸ್ಥಿತಿ ಉಂಟಾಗುತ್ತದೆ. ಪಾಸ್‌ವರ್ಡಿನ ಕಥೆಯೂ ಇದೇ. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಪಡೆಯುವ ಮಾರ್ಗವಿಲ್ಲ. ಕೆಲಸ ಬಿಟ್ಟುಹೋದ ಲೆಕ್ಕಿಗರೊಬ್ಬರ ನೆನಪಿನಲ್ಲಿ ಮಾತ್ರ ಆ ಪಾಸ್‌ವರ್ಡ್ ಇದ್ದರೆ ಇಡೀ ಸಂಸ್ಥೆಯ ಲೆಕ್ಕ ಅವರ ಸೌಜನ್ಯದ ಮೇಲೆ ನಿಂತಂತಾಗುತ್ತದೆ.

ಸಣ್ಣ ಸಂಸ್ಥೆಗಳಲ್ಲಿ ತಂತ್ರಜ್ಞರಿಲ್ಲ, ಆದ್ದರಿಂದ ಹೀಗಾಗುತ್ತದೆ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ತಂತ್ರಾಂಶ ತಯಾರಕರ ಕಡತಗಳನ್ನು ಕಾಪಾಡುವುದನ್ನೇ ಉದ್ಯೋಗವಾಗಿ ಮಾಡಿಕೊಂಡ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಆಜ್ಞೆ ನೀಡಿ ಮುಖ್ಯ ದತ್ತಾಂಶವನ್ನು ಅಳಿಸಿಬಿಟ್ಟರು. ಪ್ರತಿದಿನ ತೆಗೆಯಬೇಕಿದ್ದ ಬ್ಯಾಕಪ್ಪನ್ನು ಹುಡುಕಿದರೆ ಅದನ್ನಿಡುವ ಸ್ಥಳ ಖಾಲಿಯಿತ್ತು. ದತ್ತಾಂಶದ ಆವೃತ್ತಿ 9.6 ಆಗಿದ್ದರೂ ಬ್ಯಾಕಪ್ ಸಾಧನ 9.2ರದ್ದಾಗಿದ್ದುದರಿಂದ ಕೆಲಸ ಪ್ರತಿ ಬಾರಿಯೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇ-ಮೇಲ್‌ಗಳು ಹೊರಟಿದ್ದವು, ಆದರೆ ಸ್ವೀಕರಿಸುವ ವ್ಯವಸ್ಥೆಯು ಅವುಗಳನ್ನು ತಿರಸ್ಕರಿಸುತ್ತಿತ್ತು. ಬೇರೆ ಕೆಲಸಕ್ಕೆಂದು ಸುಮಾರು 6 ಗಂಟೆಗಳ ಮೊದಲು ತೆಗೆದಿದ್ದ ಒಂದು ಪ್ರತಿ ಅದೃಷ್ಟವಶಾತ್ ಉಳಿದಿದ್ದರಿಂದ ಸಂಸ್ಥೆ ಚೇತರಿಸಿಕೊಂಡಿತು. ನಡೆದುದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದುದು ಆ ಸಂಸ್ಥೆಯ ದೊಡ್ಡತನ. ಬ್ಯಾಕಪ್ಪಿನಿಂದ ದತ್ತಾಂಶ ಮರಳಿ ಬರುತ್ತದೆಯೇ ಎಂದು ನಿಯಮಿತವಾಗಿ ಪರೀಕ್ಷಿಸುವ ಹೊಣೆ ಅಲ್ಲಿ ಯಾರೊಬ್ಬರದೂ ಆಗಿರಲಿಲ್ಲ ಎಂಬ ಅಂಶ ಅದರಿಂದಲೇ ತಿಳಿದುಬಂದಿತು.

ಇನ್ನು ಅವಘಡ ಸಂಭವಿಸಿದ ಮೇಲಿನ ವಿಚಾರ. ಎಷ್ಟೋ ಸಂದರ್ಭಗಳಲ್ಲಿ ಮೂಲ ಅವಘಡಕ್ಕಿಂತ ಅನಂತರದ ಮೊದಲ ಒಂದು ಗಂಟೆಯಲ್ಲಿ ಗಾಬರಿಯಿಂದ ಮಾಡುವ ಕೆಲಸಗಳೇ ಹೆಚ್ಚು ನಷ್ಟ ತರುತ್ತವೆ. ಟ್ಯಾಲಿಯಲ್ಲಿ ಬ್ಯಾಕಪ್ಪನ್ನು ಮೂಲ ದತ್ತಾಂಶವಿರುವ ಫೋಲ್ಡರಿಗೇ ಮರುಸ್ಥಾಪಿಸಿದರೆ ಅಲ್ಲಿರುವ ಲೆಕ್ಕದ ಮೇಲೆ ಹಳೆಯದು ಬಂದು ಕೂರುತ್ತದೆ. ಒಂದೆರಡು ವೋಚರುಗಳು ಮಾತ್ರ ಕೆಟ್ಟಿದ್ದ ಕಡೆ ಮೂರು ತಿಂಗಳ ನಮೂದುಗಳೇ ಹೋಗಬಹುದು. ಆದ್ದರಿಂದ ಮೊದಲು ಈಗಿರುವ ಕೆಟ್ಟ ದತ್ತಾಂಶವನ್ನೇ, ಇದ್ದಂತೆಯೇ, ಬೇರೆ ಡ್ರೈವಿಗೆ ನಕಲಿಸಿಡಬೇಕು. ಬ್ಯಾಕಪ್ ಕಡತಕ್ಕೂ ಇನ್ನೊಂದು ಪ್ರತಿ ಮಾಡಿ ಆ ಪ್ರತಿಯ ಮೇಲೆ ಮಾತ್ರ ಪ್ರಯೋಗ ನಡೆಸಬೇಕು, ಅದೂ ಹೊಸ ಖಾಲಿ ಫೋಲ್ಡರಿನಲ್ಲಿ. ದತ್ತಾಂಶವನ್ನು ದುರಸ್ತಿ ಮಾಡುವ ಸೌಲಭ್ಯ ತಂತ್ರಾಂಶದಲ್ಲೇ ಇದ್ದರೂ ಅದನ್ನು ನಕಲಿನ ಮೇಲೆ ಪ್ರಯೋಗಿಸಬೇಕೇ ಹೊರತು ಇರುವ ಒಂದೇ ಪ್ರತಿಯ ಮೇಲಲ್ಲ.

ಮರುಸ್ಥಾಪನೆ ಒಪ್ಪದಿದ್ದರೆ ಕಡತದ ಗಾತ್ರ ಮತ್ತು ದಿನಾಂಕವನ್ನು ನೋಡುವುದು ಮೊದಲ ಹೆಜ್ಜೆ. ವ್ಯವಹಾರ ಬೆಳೆಯುತ್ತಿದ್ದರೂ ಬ್ಯಾಕಪ್ ಗಾತ್ರ ಆರು ತಿಂಗಳಿಂದ ಒಂದೇ ಆಗಿದ್ದರೆ ಅದು ದಾರಿ ತಪ್ಪಿದ ಬ್ಯಾಕಪ್ ಎಂದು ಅನುಮಾನಿಸಬಹುದು. ಅದೇ ಕಡತವನ್ನು ಬೇರೊಂದು ಗಣಕದಲ್ಲಿ, ಅದನ್ನು ತೆಗೆದ ಆವೃತ್ತಿಯಲ್ಲೇ ತೆರೆಯಲು ಯತ್ನಿಸಬೇಕು. ಆಗದಿದ್ದರೆ ಹಿಂದಿನ ದಿನದ, ಹಿಂದಿನ ವಾರದ ಪ್ರತಿಗಳಿಗೆ ಸರಿಯಬೇಕು. ಬ್ಯಾಕಪ್ಪೇ ಇಲ್ಲದೆ, ಅಳಿಸಿಹೋದ ಕಡತವನ್ನು ಡಿಸ್ಕಿನಿಂದಲೇ ಹೊರತೆಗೆಯಬೇಕಾದ ಸಂದರ್ಭ ಬಂದರೆ ಆ ಗಣಕದಲ್ಲಿ ಮುಂದೆ ಏನನ್ನೂ ಮಾಡದೆ ಸ್ಥಗಿತಗೊಳಿಸಬೇಕು. ಅದೇ ಡಿಸ್ಕಿಗೆ ‘ರಿಕವರಿ’ ತಂತ್ರಾಂಶವನ್ನು ಅಳವಡಿಸುವುದು, ಕಳೆದುಹೋದ ಚೀಟಿಯನ್ನು ಹುಡುಕಲು ಅದೇ ಚೀಟಿಯ ಮೇಲೆ ಬರೆಯಹೊರಟಂತೆ. ಈಗಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಅಳಿಸಿದ ಭಾಗಗಳನ್ನು ಯಂತ್ರವೇ ಬೇಗ ಖಾಲಿ ಮಾಡಿಬಿಡುವುದರಿಂದ ಈ ಮಾರ್ಗದಲ್ಲಿ ಹೆಚ್ಚಿನ ಭರವಸೆ ಇಡುವಂತಿಲ್ಲ.

‘ಎಲ್ಲವೂ ಡ್ರೈವಿನಲ್ಲಿದೆ’ ಎಂಬ ಉತ್ತರ ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಅಂತರ್ಜಾಲದ ಡ್ರೈವಿಗೆ ಫೋಲ್ಡರನ್ನು ಜೋಡಿಸಿಡುವುದು ಹೊಂದಾಣಿಕೆ ಮಾತ್ರ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅಂತಹ ಕಡತ ಉಳಿಯುವುದು 30 ದಿನ ಮಾತ್ರ. ಮಾರ್ಚ್‌ನಲ್ಲಿ ಅಳಿದದ್ದು ಲೆಕ್ಕಪರಿಶೋಧನೆಯ ಸಮಯದಲ್ಲಿ, ಆಗಸ್ಟ್‌ನಲ್ಲಿ, ಗಮನಕ್ಕೆ ಬಂದರೆ ಉಪಯೋಗವಿಲ್ಲ. ಸದಾ ಗಣಕಕ್ಕೆ ಸಿಕ್ಕಿಸಿಯೇ ಇರುವ ಡ್ರೈವಿಗೂ ಇದೇ ಮಾತು ಅನ್ವಯಿಸುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈಯಂತಹ ಸುಲಿಗೆ ತಂತ್ರಾಂಶಗಳು ಗಣಕಕ್ಕೆ ಜೋಡಿಸಿದ ಡ್ರೈವುಗಳ ಕಡತಗಳನ್ನೂ ಬೀಗ ಹಾಕಿಬಿಡುತ್ತವೆ. ಅದೇ ಮೇಜಿನ ಖಾನೆಯಲ್ಲಿಟ್ಟ ಡ್ರೈವು, 2019ರ ಆಗಸ್ಟ್‌ನಲ್ಲಿ ಗೋಕಾಕದಂತಹ ಊರುಗಳು ಕಂಡ ಪ್ರವಾಹ ಬಂದರೆ ಗಣಕದ ಜೊತೆಯಲ್ಲೇ ಮುಳುಗುತ್ತದೆ. ಒಂದು ಪ್ರತಿಯಾದರೂ ಬೇರೆ ಕಟ್ಟಡದಲ್ಲಿ, ಬಿಡಿಸಿದ ಸ್ಥಿತಿಯಲ್ಲಿ ಇರಬೇಕೆಂಬುದು ಹಳೆಯ ಮಾತೇ.

ಲೆಕ್ಕಪರಿಶೋಧಕರ ಕಚೇರಿಯಲ್ಲಿ ಪ್ರತಿ ಇದ್ದೇ ಇರುತ್ತದೆ ಎಂದು ನೆಚ್ಚಿಕೊಳ್ಳುವವರಿದ್ದಾರೆ. ಆ ಪ್ರತಿ ಪರಿಶೋಧನೆ ಮುಗಿದ ದಿನದ್ದು. ಚಾಲ್ತಿ ವರ್ಷದ ಬಾಕಿದಾರರು ಅದರಲ್ಲಿ ಇರುವುದಿಲ್ಲ. ಜಿಎಸ್‌ಟಿ ಜಾಲತಾಣದಲ್ಲಿ ಎಲ್ಲವೂ ಇದೆಯಲ್ಲ ಎಂಬ ಮಾತೂ ಅಷ್ಟೇ. ಅಲ್ಲಿರುವುದು ಸಲ್ಲಿಸಿದ ವಿವರಪಟ್ಟಿ. ಯಾವ ಗಿರಾಕಿ ಎಷ್ಟು ಪಾವತಿಸಿದ್ದಾರೆ, ಗೋದಾಮಿನಲ್ಲಿ ಯಾವ ಮಾಲು ಎಷ್ಟಿದೆ ಎಂಬುದಲ್ಲ. ಸಲ್ಲಿಸಿದ ವಿವರಪಟ್ಟಿಗಳನ್ನು ಕೂಡ 7 ವರ್ಷಗಳವರೆಗೆ ಮಾತ್ರ ತೋರಿಸುವ ನೀತಿಯನ್ನು ಜಿಎಸ್‌ಟಿ ಜಾಲವು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಎಕ್ಸೆಲ್ ಹಾಳೆಗಳಿಗೆ ಇಳಿಸಿಟ್ಟ ವರದಿಗಳೂ ಕಂಪನಿಗಳ ಮಟ್ಟಿಗೆ ಸಾಲವು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ಇರಬೇಕು, ಅದು ಉಳಿದಿದೆಯೇ ಎಂದು ಲೆಕ್ಕಪರಿಶೋಧಕರು ವರದಿ ಮಾಡಬೇಕು. ವರದಿಗಳನ್ನು ನೋಡಿ ಮತ್ತೆ ನಮೂದಿಸಿದ ಲೆಕ್ಕದಲ್ಲಿ ಆ ಜಾಡು ಮರುನಮೂದಿಸಿದ ದಿನದಿಂದಷ್ಟೇ ಆರಂಭವಾಗುತ್ತದೆ.

ಆದ್ದರಿಂದ ದಾಸ್ತಾನು ಎಣಿಕೆಗೆ ಇರುವ ಸ್ಥಾನವನ್ನೇ ಪ್ರಾಯೋಗಿಕ ಮರುಸ್ಥಾಪನೆಗೂ ಕೊಡಬೇಕು. ಮೂರು ತಿಂಗಳಿಗೊಮ್ಮೆ, ಯಾವುದಾದರೊಂದು ದಿನದ ಬ್ಯಾಕಪ್ಪನ್ನು ಬೇರೊಂದು ಗಣಕದಲ್ಲಿ ಮರುಸ್ಥಾಪಿಸಬೇಕು. ಆ ದಿನವನ್ನು ಆರಿಸುವವರು ಮಾಲೀಕರಾಗಿರಬೇಕು, ಬ್ಯಾಕಪ್ ತೆಗೆಯುವವರಲ್ಲ. ಪ್ರತಿ ವಾರದ ಕೊನೆಯಲ್ಲಿ ತಾಳೆಪಟ್ಟಿಯ ಮುದ್ರಿತ ಪ್ರತಿಯೊಂದನ್ನು ತೆಗೆದಿಟ್ಟಿದ್ದರೆ ಹೋಲಿಕೆ ಸುಲಭ. ನಗದು ಶಿಲ್ಕು, ಬ್ಯಾಂಕ್ ಶಿಲ್ಕು, ಬಾಕಿದಾರರ ಒಟ್ಟು ಮೊತ್ತ, ಕೊನೆಯ ಮಾರಾಟ ಬಿಲ್ಲಿನ ಸಂಖ್ಯೆ ಇಷ್ಟು ತಾಳೆಯಾದರೆ ಬ್ಯಾಕಪ್ ಸರಿಯಿದೆ ಎಂದು ಒಂದು ವಹಿಯಲ್ಲಿ ಬರೆದು ಸಹಿ ಹಾಕಬೇಕು. ಲೆಕ್ಕ ತೆರೆದುಕೊಳ್ಳಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಬರೆಯುವುದು ಲೇಸು, ನಿಯಮದಲ್ಲಿರುವ ‘ಸಮಂಜಸ ಕಾಲಾವಧಿ’ಗೆ ಅದೇ ಪುರಾವೆಯಾಗುತ್ತದೆ. ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಮಾಲೀಕರು ಇಟ್ಟುಕೊಳ್ಳಬೇಕು ಮತ್ತು ಪ್ರತಿ ಬದಲಾವಣೆಯ ಜೊತೆ ಲಕೋಟೆಯೂ ಬದಲಾಗಬೇಕು.

ಗಣಕದ ವಾರ್ಷಿಕ ನಿರ್ವಹಣೆಯ ಗುತ್ತಿಗೆಗಳಲ್ಲಿ ಯಂತ್ರವನ್ನು ಶುಚಿಗೊಳಿಸುವುದು, ವೈರಸ್ ತೆಗೆಯುವುದು ಇತ್ಯಾದಿಗಳನ್ನು ಬರೆದಿರುತ್ತಾರೆ. ಮರುಸ್ಥಾಪನೆಯ ಪರೀಕ್ಷೆಯ ಪ್ರಸ್ತಾಪ ಅಪರೂಪ. ಮುಂದಿನ ನವೀಕರಣದ ವೇಳೆ ಆ ಒಂದು ಷರತ್ತನ್ನು ಸೇರಿಸಿ, ಕೊನೆಯ ಕಂತನ್ನು ವಹಿಯಲ್ಲಿ ಸಹಿ ಬಿದ್ದ ಮೇಲೆಯೇ ಕೊಡುವುದಾಗಿ ಹೇಳಿದರೆ ಗುತ್ತಿಗೆದಾರರೂ ಎಚ್ಚರದಿಂದಿರುತ್ತಾರೆ. ಇದಕ್ಕೆ ಹೊಸ ಖರ್ಚೇನೂ ಬೇಕಿಲ್ಲ. ಮೂಲೆಯಲ್ಲಿ ಹೊದಿಕೆ ಹಾಕಿಟ್ಟ, ಬಿಲ್ ಮಾಡಲು ನಿಧಾನವೆಂದು ಕೈಬಿಟ್ಟ ಹಳೆಯ ಗಣಕವೊಂದು ಹೆಚ್ಚಿನ ಅಂಗಡಿಗಳಲ್ಲಿ ಇದೆ. ಅಂತರ್ಜಾಲ ಸಂಪರ್ಕವನ್ನು ತೆಗೆದು, ಲೆಕ್ಕ ತಂತ್ರಾಂಶದ ಅದೇ ಆವೃತ್ತಿಯನ್ನು ಅಳವಡಿಸಿದರೆ ಮೊದಲ ಪರೀಕ್ಷೆಗೆ ಅದೇ ಸಾಕು. ಮಾರ್ಚ್ ಕೊನೆಯ ಗಡಿಬಿಡಿಗೆ ಮುನ್ನ ಒಂದು ಭಾನುವಾರವನ್ನು ಇದಕ್ಕೆ ಇಟ್ಟುಕೊಂಡರೆ, ಡಿಸೆಂಬರ್ 31ರ ಲೆಕ್ಕವನ್ನೇ ಮೊದಲು ತೆರೆದು ನೋಡಬಹುದು.