ಪಾಂಡವರ ಮನೆಗಳೂ ಜೆಸಿಬಿ ಯಂತ್ರವೂ



ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನು ರಸ್ತೆಯ ಗುತ್ತಿಗೆದಾರ. ಮಾತಿನ ನಡುವೆ, “ಸಾರ್, ಈ ಪಾಂಡವರ ಮನೆಗಳು ಅಡ್ಡ ಬಂದರೆ ರಾತ್ರಿಯೇ ಎಬ್ಬಿಸಿಬಿಡ್ತೀವಿ. ಬೆಳಗ್ಗೆ ಯಾರಾದರೂ ನೋಡಿ ಇಲಾಖೆಗೆ ಹೇಳಿದರೆ ಕೆಲಸ ನಿಂತುಹೋಗುತ್ತೆ” ಎಂದ. ಹೆಸರು ಹೇಳುವುದಿಲ್ಲ, ಓದುತ್ತಿದ್ದರೆ ಅವನಿಗೇ ತಿಳಿದೀತು. ಅಂದು ಕಾಫಿ ಕೊಟ್ಟು ಸುಮ್ಮನಾದೆ. ಇದು ನನ್ನ ಉತ್ತರ.

ಕೈವಾರವೇ ಏಕಚಕ್ರನಗರವೆಂದು ನಂಬಿರುವ ಸೀಮೆ ನಮ್ಮದು. ಹೊಲದ ನಡುವಿನ ಕಲ್ಲುಚಪ್ಪಡಿಯ ಕೋಣೆಗಳಿಗೆ ಪಾಂಡವರ ಹೆಸರು ಅಂಟಿದ್ದು ಸಹಜವೇ. ಆದರೆ ಅವು ಮನೆಗಳಲ್ಲ, ಗೋರಿಗಳು. ಕಬ್ಬಿಣದ ಬಳಕೆಯನ್ನು ಅರಿತಿದ್ದ ಜನ ಎರಡು-ಮೂರು ಸಾವಿರ ವರ್ಷಗಳ ಹಿಂದೆ ತಮ್ಮವರ ಅಸ್ಥಿಗಳನ್ನು ಇರಿಸಿದ ಜಾಗಗಳು. ನಾಲ್ಕು ಚಪ್ಪಡಿ, ಒಂದರಲ್ಲಿ ದುಂಡನೆಯ ಕಂಡಿ, ಮೇಲೊಂದು ಮುಚ್ಚುಗಲ್ಲು, ಸುತ್ತಲೂ ಗುಂಡುಗಳ ವೃತ್ತ. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು. ಆ ಜನ ಒಂದಕ್ಷರವನ್ನೂ ಬರೆದಿಟ್ಟು ಹೋಗಲಿಲ್ಲ. ಯಾವ ಮಡಕೆಯ ಪಕ್ಕದಲ್ಲಿ ಯಾವ ಎಲುಬಿತ್ತು ಎಂಬುದೇ ಅವರ ಶಾಸನ. ಯಂತ್ರದ ಹಲ್ಲು ಒಮ್ಮೆ ತಾಗಿದರೆ ಚೂರುಗಳು ಉಳಿದಾವು, ಶಾಸನ ಅಳಿಸಿಹೋಗುತ್ತದೆ.

“ಹಾಗಾದರೆ ರಸ್ತೆಯೇ ಬೇಡವೇ?” ಎಂದು ನೀವು ಕೇಳುವಿರಿ. ಬೇಕು. ಗೋರಿಯಿರುವ ಪ್ರತಿ ಹೊಲವನ್ನೂ ಬೇಲಿ ಹಾಕಿ ಕಾಪಾಡಿರೆಂದು ನಾನು ವಾದಿಸುತ್ತಿಲ್ಲ. ಅಗೆಯುವ ಮುನ್ನ ಬಲ್ಲವರಿಂದ ಅಗೆಸಿರಿ ಎನ್ನುತ್ತಿದ್ದೇನೆ. ಗ್ರೀಸಿನ ಅಥೆನ್ಸ್ ನಗರದಲ್ಲಿ 1990ರ ದಶಕದಲ್ಲಿ ಮೆಟ್ರೋ ರೈಲಿಗಾಗಿ ನೆಲ ಅಗೆಯುವಾಗ ಪುರಾತತ್ತ್ವಜ್ಞರು ಸುಮಾರು 79,000 ಚದರ ಮೀಟರ್ ಪ್ರದೇಶವನ್ನು ಶೋಧಿಸಿದರು. ಕೆರಮೈಕೋಸ್ ಎಂಬಲ್ಲಿ 1994-95ರಲ್ಲಿ ದೊರೆತ ಸಾಮೂಹಿಕ ಗೋರಿ, ಕ್ರಿ.ಪೂ. 430ರ ಸುಮಾರಿಗೆ ಆ ನಗರವನ್ನು ಕಾಡಿದ ಮಹಾಮಾರಿಯದೆಂದು ಗುರುತಿಸಲಾಯಿತು. ಅಲ್ಲಿನ ಹನ್ನೊಂದು ವರ್ಷದ ಬಾಲಕಿಯ ತಲೆಬುರುಡೆಯಿಂದ ಅವಳ ಮುಖವನ್ನೇ ಮರುರೂಪಿಸಿದರು. ಮೆಟ್ರೋ ನಿಂತಿತೇ? 2000ದ ಜನವರಿಯಲ್ಲಿ ಓಡಿತು. ಸಿಂಟಾಗ್ಮಾ ನಿಲ್ದಾಣದಲ್ಲಿ ಗಾಜಿನ ಹಿಂದೆ ಒಂದು ಗೋರಿಯನ್ನೇ ಕಾಣಬಹುದು. 2002ರ ಅವರ ಕಾನೂನಿನಂತೆ ದೊಡ್ಡ ಕಾಮಗಾರಿಗಳಲ್ಲಿ ಇಂಥ ಉತ್ಖನನದ ವೆಚ್ಚ ಕಾಮಗಾರಿಯ ಒಡೆಯನದು.

ಅವರು ಶ್ರೀಮಂತರು, ನಮಗೇಕೆ ಎನ್ನಬೇಡಿ. ಬಡತನದ ದಿನಗಳಲ್ಲೇ, ಅಣೆಕಟ್ಟಿನ ನೀರು ಏರುವ ಮುನ್ನ, 1954ರಿಂದ 1960ರವರೆಗೆ ನಾಗಾರ್ಜುನಕೊಂಡದ ಕಣಿವೆಯನ್ನು ನಾವು ಅಗೆದು ದಾಖಲಿಸಿದ್ದೇವೆ. ಹೊಸಕೋಟೆ ಸೀಮೆಯ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿಯವರು ಇಂಥ ಗೋರಿಗಳನ್ನೇ ಅಗೆಸಿ ವರದಿ ಬರೆದರು. ಬೆಂಗಳೂರಿಗೆ ಹೋಗುವಾಗ ನೀವೆಲ್ಲ ದಾಟುವ ಚಿಕ್ಕಜಾಲದಲ್ಲೂ ಇವೇ ಗೋರಿಗಳಿದ್ದವು. ಬಸ್ಸಿನ ಕಿಟಕಿಯಿಂದ ಎಷ್ಟು ಮಂದಿ ತಲೆಯೆತ್ತಿ ನೋಡಿದ್ದೀರಿ?

ದೋಷ ಕಾನೂನಿನಲ್ಲೂ ಇದೆ. 1958ರ ಕೇಂದ್ರ ಕಾಯಿದೆಯೂ, ಅದರ 2010ರ ತಿದ್ದುಪಡಿಯ ನೂರು ಮೀಟರ್ ನಿಷೇಧವೂ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ ಮಾತ್ರ. ಪಟ್ಟಿ ಸೇರದ ಗೋರಿಗೆ ದಿಕ್ಕಿಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯಿದೆಯು ಹತ್ತು ರೂಪಾಯಿಗೆ ಮಿಕ್ಕಿದ ವಸ್ತು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದಿತು. ಮಡಕೆಯ ಚೂರಿಗೆ ಹತ್ತು ರೂಪಾಯಿ ಯಾರು ಕಟ್ಟುತ್ತಾರೆ!

ಇಷ್ಟೆಲ್ಲ ಹೇಳುವ ನಾನೇನೂ ನಿರ್ದೋಷಿಯಲ್ಲ. ಗೌರಿಬಿದನೂರಿನ ಕಡೆಯ ಒಂದು ಶಾಲೆಯಲ್ಲಿದ್ದಾಗ, ಪಕ್ಕದ ಹೊಲದಿಂದ ಕಂಡಿಯಿದ್ದ ಚಪ್ಪಡಿಯೊಂದನ್ನು ತಂದು ಚರಂಡಿಗೆ ಹಾಸಿದರು. ಪಾಠದಲ್ಲಿ ಹರಪ್ಪದ ಚರಂಡಿಯನ್ನು ಬಣ್ಣಿಸುತ್ತಿದ್ದ ನಾನು ವರ್ಷವಿಡೀ ಅದನ್ನೇ ತುಳಿದು ತರಗತಿಗೆ ಹೋದೆ. ನಿಮ್ಮನ್ನು ನಂದಿಯ ಭೋಗನಂದೀಶ್ವರನ ಗುಡಿಗೆ ಎಷ್ಟು ಸಲ ಕರೆದೊಯ್ದೆ. ಆ ಹೊಲಕ್ಕೆ ಒಮ್ಮೆಯೂ ಇಲ್ಲ. ಆ ಗುತ್ತಿಗೆದಾರನಿಗೆ ಪಾಠ ಹೇಳಿದವನು ನಾನೇ ತಾನೆ.

ನಿಮ್ಮಲ್ಲಿ ಸರ್ವೆಯರುಗಳಿದ್ದೀರಿ, ಎಂಜಿನಿಯರುಗಳಿದ್ದೀರಿ, ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಬಡಾವಣೆ ಮಾಡುವವರೂ ಇದ್ದೀರಿ. ನಕ್ಷೆಯಲ್ಲಿ ಬಾವಿ, ಮರಗಳನ್ನು ಗುರುತಿಸುವಂತೆ ಈ ಕಲ್ಲುಗಳನ್ನೂ ಗುರುತಿಸಿ. ನೆಲ ಮುಟ್ಟುವ ಮುನ್ನವೇ ಪುರಾತತ್ತ್ವ ಇಲಾಖೆಗೆ ಬರೆಯಿರಿ. ಅಂದಾಜುಪಟ್ಟಿಯಲ್ಲಿ ಅಗೆತದ ವೆಚ್ಚಕ್ಕೂ ಒಂದು ಸಾಲಿರಲಿ. ಆ ಗುತ್ತಿಗೆದಾರ ಮತ್ತೆ ಬರಲಿ, ಕಾಫಿ ಕೊಡುತ್ತೇನೆ. ಬರುವಾಗ ಮುಂದಿನ ರಸ್ತೆಯ ನಕ್ಷೆಯನ್ನೂ ತರಲಿ. ಹಗಲಿನಲ್ಲೇ ಇಬ್ಬರೂ ಹೋಗಿ ನೋಡಿಬರೋಣ.