ವಾದ್ಯದಳದ ಮೊದಲ ವರ್ಷ

ಪ್ರೌಢಶಾಲೆಯ ವಾದ್ಯದಳವನ್ನು ಸಾರ್ವಜನಿಕರು ಕಾಣುವುದು ವರ್ಷದಲ್ಲಿ ಕೆಲವೇ ದಿನ. ಆಗಸ್ಟ್ 15 ಮತ್ತು ಜನವರಿ 26ರ ಧ್ವಜವಂದನೆ, ಕ್ರೀಡಾಕೂಟದ ಪಥಸಂಚಲನ, ಪೂಜ್ಯರ ಸ್ವಾಗತದ ಮೆರವಣಿಗೆ ಇಷ್ಟರಲ್ಲಿ ಅದರ ಪ್ರದರ್ಶನ ಮುಗಿಯುತ್ತದೆ. ಒಪ್ಪವಾದ ಸಮವಸ್ತ್ರವನ್ನೂ ಒಂದೇ ಸಮನೆ ಏರಿಳಿಯುವ ಕೋಲುಗಳನ್ನೂ ಕಂಡು ಅತಿಥಿಗಳು ತಲೆದೂಗುತ್ತಾರೆ. ಆದರೆ ಜೂನ್ ತಿಂಗಳಲ್ಲಿ ದಳಕ್ಕೆ ಹೊಸದಾಗಿ ಸೇರಿದ ಎಂಟನೆಯ ತರಗತಿಯ ಬಾಲಕ ಬಾಲಕಿಯರ ಮನಸ್ಸನ್ನು ಅರಿತವರು ವಿರಳ.

ಆ ಮಕ್ಕಳ ಭಯ ಸಣ್ಣದಲ್ಲ. ಹೆಗಲಿಗೆ ಡ್ರಮ್ಮಿನ ಪಟ್ಟಿ ಒತ್ತುತ್ತದೆ. ಬಲಗೈ ಹೇಳಿದಂತೆ ಕೇಳಿದರೆ ಎಡಗೈ ಕೇಳುವುದಿಲ್ಲ. ಕೈ ಸರಿಯಾಯಿತೆನ್ನುವಷ್ಟರಲ್ಲಿ ಕಾಲು ತಪ್ಪುತ್ತದೆ. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಎಡಗಾಲು ಬೀಳಬೇಕೆಂಬ ನಿಯಮ ತಿಳಿದಿದ್ದರೂ ಅವಸರದಲ್ಲಿ ಬಲಗಾಲೇ ಮುಂದಾಗುತ್ತದೆ. ಗಣಿತದಲ್ಲಿ ಮಾಡಿದ ತಪ್ಪು ಹಾಳೆಯೊಳಗೆ ಅಡಗಿರುತ್ತದೆ. ಡ್ರಮ್ಮಿನ ಮೇಲೆ ಮಾಡಿದ ತಪ್ಪು ಮೈದಾನಕ್ಕೆಲ್ಲ ಕೇಳಿಸುತ್ತದೆ. ಹಿರಿಯ ವಿದ್ಯಾರ್ಥಿಗಳು ನಕ್ಕರೆ, ಶಿಕ್ಷಕರು ಗದರಿಸಿದರೆ, ಮರುದಿನ ಹೊಟ್ಟೆನೋವಿನ ನೆಪ ಹೇಳಿ ಮೂಲೆ ಸೇರುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಒಂದು ಸಂಗತಿಯುಂಟು. ಕೋಲು ಚರ್ಮದ ಮೇಲೆ ಬಿದ್ದು ತಾನಾಗಿಯೇ ಪುಟಿಯಬೇಕು; ಆ ಪುಟಿತವನ್ನು ಹಿಡಿದು ಎರಡನೆಯ ಪೆಟ್ಟನ್ನು ನುಡಿಸುವುದರಲ್ಲಿಯೇ ಡ್ರಮ್ ವಾದನದ ಗುಟ್ಟಿದೆ. ಹೆದರಿದ ಮಗು ಕೋಲನ್ನು ಬಿಗಿಯಾಗಿ ಹಿಡಿಯುತ್ತದೆ. ಬಿಗಿಹಿಡಿತದಲ್ಲಿ ಕೋಲು ಪುಟಿಯದು. ಪುಟಿಯದ ಕೋಲಿನಿಂದ ನಾದ ಹೊರಡದು. ಗದರಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ತಪ್ಪು ಹೆಚ್ಚುತ್ತದೆ. ಆದುದರಿಂದ ಹೊಸಬರನ್ನು ಹೆದರಿಸುವುದು ದಯೆಗೆ ಮಾತ್ರ ವಿರುದ್ಧವಾದುದಲ್ಲ, ವಾದ್ಯದ ಧರ್ಮಕ್ಕೂ ವಿರುದ್ಧವಾದುದು.

ಇದರಿಂದ ತರಬೇತಿಯನ್ನು ಸಡಿಲಗೊಳಿಸಬೇಕೆಂದು ಅರ್ಥವಲ್ಲ. ಕಠಿಣ ಅಭ್ಯಾಸವಿಲ್ಲದೆ ಯಾವ ದಳವೂ ದಳವಾಗದು. ಈ ಮಾತಿಗೆ ಅಮೆರಿಕದ 'ಡ್ರಮ್ ಕೋರ್'ಗಳು ಒಳ್ಳೆಯ ನಿದರ್ಶನ. ಹಿತ್ತಾಳೆಯ ಊದುವಾದ್ಯ ಮತ್ತು ಡ್ರಮ್ಮುಗಳನ್ನೇ ನೆಚ್ಚಿದ ಈ ಯುವ ತಂಡಗಳ ರಾಷ್ಟ್ರೀಯ ಮಟ್ಟದ ಸ್ಪರ್ಧೆ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬಲ್ಲಿ ಹೊಸ ರೂಪದಲ್ಲಿ ಆರಂಭವಾಯಿತು. ಬೇಸಗೆಯಲ್ಲಿ ಅಲ್ಲಿನ ಯುವಕ ಯುವತಿಯರು ಬಿಸಿಲಿನಲ್ಲಿ ದಿನವಿಡೀ ಅಭ್ಯಾಸ ಮಾಡಿ, ಊರಿಂದೂರಿಗೆ ಪ್ರಯಾಣ ಮಾಡಿ, ಶಾಲೆಗಳ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗಿ ಏಳುತ್ತಾರೆ. ಅಂಥವರೂ ಪ್ರತಿದಿನ ಆರಂಭಿಸುವುದು ಮೊದಲ ಪಾಠದಿಂದಲೇ. ತಾಳವಾದ್ಯ ಕಲಾವಿದರ ಅಂತರರಾಷ್ಟ್ರೀಯ ಸಂಘವೊಂದು 1984ರಲ್ಲಿ ಡ್ರಮ್ ವಾದನದ 40 ಮೂಲಪಾಠಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ಮೊದಲನೆಯದು ಬಲಗೈ, ಎಡಗೈ, ಮತ್ತೆ ಬಲಗೈ, ಎಡಗೈ ಎಂಬ ಸರಳ ಪೆಟ್ಟುಗಳ ಸಾಲು. ಹೊಸ ವಿದ್ಯಾರ್ಥಿಯನ್ನು ಕಂಗೆಡಿಸುವ ಪಾಠ ನುರಿತವರ ನಿತ್ಯಪಾಠವೂ ಆಗಿದೆಯೆಂಬುದನ್ನು ಮಕ್ಕಳಿಗೆ ತಿಳಿಸಿದರೆ ಅವರ ಅರ್ಧ ಸಂಕೋಚ ಅಳಿಯುತ್ತದೆ.

ಹೊರಗಿನ ನಿದರ್ಶನವಿರಲಿ, ನಮ್ಮ ಪರಂಪರೆಯಲ್ಲಿಯೇ ಇದಕ್ಕೆ ದಾರಿಯುಂಟು. ಮೃದಂಗವನ್ನು ಕಲಿಯುವವರು ತಕಿಟ, ತಕಧಿಮಿ ಎಂಬ ಸೊಲ್ಲುಗಳನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ, ಆಮೇಲೆ ವಾದ್ಯದ ಮೇಲೆ ಬೆರಳಿಡುತ್ತಾರೆ. ಬಾಯಿಗೆ ಬಂದುದು ಕೈಗೆ ಬಾರದೆ ಇರದು. ವಾದ್ಯದಳದ ಹೊಸಬರಿಗೂ ಮೊದಲ ಕೆಲವು ವಾರ ಹೀಗೆ ಬಾಯಿಪಾಠ ಮಾಡಿಸಿ, ಕುಳಿತಲ್ಲಿ ಬಾರಿಸಲು ಕಲಿಸಿ, ನಡಿಗೆಯನ್ನು ಬೇರೆಯಾಗಿ ರೂಢಿಸಿ, ಕೊನೆಯಲ್ಲಿ ಎರಡನ್ನೂ ಕೂಡಿಸಿದರೆ ಭಾರವೆನಿಸದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಡಕ್ಕೆಯ ಬೊಮ್ಮಣ್ಣನವರ ಹೆಸರಿನಲ್ಲಿಯೇ ಚರ್ಮವಾದ್ಯವಿದೆ. ಡಕ್ಕೆಯನ್ನು ನುಡಿಸುವುದು ಕಾಯಕವಾಗಿದ್ದ ಆ ಶರಣರಿಗೆ ಅನುಭಾವಿಗಳ ನಡುವೆ ಸ್ಥಾನವಿತ್ತು. ಕಾಯಕದ ದೃಷ್ಟಿಯಿಂದ ನೋಡಿದರೆ, ಕೊನೆಯ ಸಾಲಿನಲ್ಲಿ ನಿಂತು ಒಂದೇ ಒಂದು ಪೆಟ್ಟನ್ನು ಕಾಲಕ್ಕೆ ಸರಿಯಾಗಿ ಬಾರಿಸುವ ಮಗುವಿನ ಕೆಲಸವೂ ಕೀಳಲ್ಲ.

ಹೀಗಿರುವಾಗ ಅನೇಕ ಶಾಲೆಗಳಲ್ಲಿ ಕಂಡುಬರುವ ಒಂದು ರೂಢಿಯನ್ನು ಪುನರ್ವಿಮರ್ಶಿಸಬೇಕಾಗಿದೆ. ಜೂನ್‌ನಲ್ಲಿ ಸೇರಿಸಿಕೊಂಡ ಮಕ್ಕಳಲ್ಲಿ ತಡವರಿಸುವವರನ್ನು ಆಗಸ್ಟ್ 15ರ ಮುನ್ನವೇ ಕೈಬಿಡುವುದು ಆ ರೂಢಿ. ಗಣ್ಯರ ಎದುರಿನಲ್ಲಿ ತಪ್ಪಾಗಬಾರದೆಂಬ ಕಾಳಜಿ ಅದರ ಹಿಂದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಹತ್ತು ಹನ್ನೊಂದು ವಾರಗಳಲ್ಲಿ ಕೈ ತಿರುಗದ ಮಗು ಹತ್ತು ತಿಂಗಳಲ್ಲಿಯೂ ಕಲಿಯದೆಂದು ಯಾರು ಬಲ್ಲರು? ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಬಾರಿಸುವವರಿಗೂ ಸಲ್ಲುತ್ತದೆ. ಹಳ್ಳಿಯಿಂದ ಬಂದು ಪ್ರಸಾದನಿಲಯದಲ್ಲಿ ಇದ್ದು ಓದುವ ಬಾಲಕನೊಬ್ಬನಿಗೆ ದಳದಿಂದ ಹೊರಬಿದ್ದುದು ಡ್ರಮ್ಮಿನ ಸೋಲಾಗಿ ಉಳಿಯುವುದಿಲ್ಲ. 'ನನ್ನಿಂದ ಆಗದು' ಎಂಬ ಮಾತು ಪಾಠದ ಮೇಜಿಗೂ ಅವನ ಬೆನ್ನು ಹತ್ತುತ್ತದೆ. ಮೊದಲ ವರ್ಷ ಆಯ್ಕೆಯ ವರ್ಷವಾಗದೆ ಕಲಿಕೆಯ ವರ್ಷವಾಗಲಿ. ಕಠಿಣ ತಾಳವನ್ನು ಹಿರಿಯರು ನುಡಿಸಲಿ. ಹೊಸಬರು ಸುಲಭದ ಪೆಟ್ಟುಗಳೊಡನೆ ಅವರ ಹಿಂದೆ ನಡೆಯಲಿ. ನೋಡುವವರಿಗೆ ದಳ ದೊಡ್ಡದಾಗಿ ಕಾಣುವುದೇ ಹೊರತು ಕುಂದೇನೂ ಆಗದು.

ದಾನಿಗಳು ಹೊಸ ಡ್ರಮ್ಮುಗಳನ್ನು ಕೊಡಿಸಿ ಉಪಕರಿಸಿದ್ದಾರೆ. ಅವರ ಔದಾರ್ಯಕ್ಕೆ ಇನ್ನೂ ಕೆಲವು ಸಣ್ಣ ಅಗತ್ಯಗಳು ಕಾದಿವೆ. ಹಲಗೆಯ ಮೇಲೆ ರಬ್ಬರ್ ಅಂಟಿಸಿದ ಅಭ್ಯಾಸದ ಪಟ್ಟಗಳಿದ್ದರೆ ಹೊಸಬರು ಸದ್ದಿಲ್ಲದೆ, ನಾಚಿಕೆಯಿಲ್ಲದೆ ಕೈ ಪಳಗಿಸಬಹುದು. ಕಿವಿಯ ರಕ್ಷಣೆಯೂ ಮುಖ್ಯ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆಗೂ ಮೀರಿ ಕೇಳುವುದು ಅಪಾಯಕರವೆಂದು ತಜ್ಞರು ಗುರುತಿಸಿದ್ದಾರೆ. ಶಬ್ದ 3 ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಆದರೆ ಉಳಿಯುವುದು 15 ನಿಮಿಷ ಮಾತ್ರ. ಅಗ್ಗದ ಕಿವಿಬಿರಡೆಗಳು ಮಕ್ಕಳ ಜೀವಮಾನದ ಶ್ರವಣಶಕ್ತಿಯನ್ನು ಕಾಯಬಲ್ಲವು. ಹಳೆಯ ವಿದ್ಯಾರ್ಥಿಗಳು ಹಣವನ್ನೇ ಕೊಡಬೇಕೆಂದಿಲ್ಲ. ಒಂದು ಶನಿವಾರ ಮೈದಾನಕ್ಕೆ ಬಂದು, ತಮ್ಮ ಕೈಯಿಂದ ಕೋಲು ಜಾರಿಬಿದ್ದ ದಿನವನ್ನು ಹೊಸಬರಿಗೆ ನಗುತ್ತ ಹೇಳಿದರೆ ಅದೂ ದಾನವೇ.

ಇನ್ನು ಆ ಮಕ್ಕಳಿಗೆ ತಲುಪಬೇಕಾದ ಮಾತು ಚಿಕ್ಕದು. ಕೈ ನಡುಗುವುದು ಅಯೋಗ್ಯತೆಯ ಗುರುತಲ್ಲ. ಮಾಡುವ ಕೆಲಸವನ್ನು ದೊಡ್ಡದೆಂದು ಬಗೆದವರ ಕೈ ಮೊದಲು ನಡುಗಿಯೇ ನಡುಗುತ್ತದೆ. ಅಂಗೈಯ ಬೊಕ್ಕೆ ಆರಿ ಚರ್ಮ ಗಟ್ಟಿಯಾಗುತ್ತದೆ. ತಾಳ ತಪ್ಪಿದಾಗ ಪಕ್ಕದವರ ಪೆಟ್ಟಿಗೆ ಕಿವಿಗೊಟ್ಟು, ಮುಂದಿನ ಆವರ್ತದಲ್ಲಿ ಬಂದು ಕೂಡಿಕೊಳ್ಳಲು ಅವಕಾಶವಿದ್ದೇ ಇದೆ. ಹಾಗೆ ಕೂಡಿಕೊಳ್ಳುವವರಿಗಾಗಿ ಸಾಲಿನಲ್ಲಿ ಜಾಗವನ್ನು ಉಳಿಸುವುದು ಹಿರಿಯರ ಹೊಣೆ.